ಹೊಸ ಆಟಕ್ಕೆ ‘ಬರ್ತೇನಿ’ ಅಂದವಳು

ಕಂಪ್ಯೂಟರ್ ಮಾರಿಬಿಡುವುದೆಂದು ತೀರ್ಮಾನವಾದ ಮೇಲೆ ನಾನು ತಡಮಾಡಲಿಲ್ಲ. ಶುಕ್ರವಾರ ಊಟವಾದ ಕೂಡಲೇ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದೆ, ವಯರುಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ, ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಬಿಗಿದೆ. ಹೆಂಡತಿ ತೀರಿಕೊಂಡು ಒಂದು ಬೇಸಿಗೆ ಕಳೆದಿತ್ತು. ಆಕೆಯನ್ನು ವಿಮಾನದಲ್ಲಿ ಊರಿಗೆ ಒಯ್ದು, ಗದಗಿನ ಹತ್ತಿರದ ನಮ್ಮ ಹೊಲದಲ್ಲಿ ಮಣ್ಣು ಮಾಡಿ, ಮಗಳನ್ನು ಅವಳ ಗಂಡನ ಮನೆಗೆ ಕಳಿಸಿ, ನಾನು ಕುವೈತಿಗೆ ಮರಳಿದ್ದೆ. ನಿವೃತ್ತಿಗೆ ಇನ್ನೂ ಕೆಲವು ತಿಂಗಳು ಬಾಕಿ ಇದ್ದವು. ಅವನ್ನು ಮುಗಿಸಬೇಕಿತ್ತು, ಮುಗಿಸುತ್ತಿದ್ದೆ.

ನಾನು ಚಿಕ್ಕಂದಿನಿಂದ ವಸತಿ ಶಾಲೆಯಲ್ಲಿ ಬೆಳೆದವನು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು, ಚಾದರದ ಮೂಲೆ ಮಡಚಿ ಹಾಸಿಗೆ ಹಾಸುವುದು ಅಲ್ಲಿಯೇ ಮೈಗೆ ಹತ್ತಿತು. ಆಮೇಲೆ ಕುವೈತಿನ ಫಹಾಹೀಲ್ ಕಡೆಯ ಒಂದು ಎಣ್ಣೆ ಸ್ಥಾವರದಲ್ಲಿ ಸುರಕ್ಷತಾ ವಿಭಾಗದ ಕೆಲಸ ಸಿಕ್ಕಿತು. ಅಲ್ಲಿ ಪರ್ಮಿಟ್ ಇಲ್ಲದೆ ಯಾರೂ ಒಂದು ನಟ್ಟನ್ನೂ ಸಡಿಲಿಸುವಂತಿಲ್ಲ. ಏನು ಕೆಲಸ, ಎಲ್ಲಿ, ಏನು ಅಪಾಯ, ಕೆಲಸ ಮುಗಿದ ಮೇಲೆ ಯಾರು ನೋಡಿ ಸಹಿ ಮಾಡುತ್ತಾರೆ, ಎಲ್ಲವೂ ಮೊದಲೇ ಗೊತ್ತಾಗಬೇಕು. ಹೆಂಡತಿ ನಗುತ್ತಿದ್ದಳು: “ನಿಮಗ ಉಸುರಾಡಾಕೂ ಪರ್ಮಿಟ್ ಬೇಕಲ್ರಿ.”

ಆ ಕಂಪ್ಯೂಟರ್ ಮನೆಗೆ ಬಂದದ್ದು ಮಗಳಿಗಾಗಿ. ಹನ್ನೆರಡನೆಯ ತರಗತಿ ಮುಗಿಸಿ, ಇಲ್ಲಿನ ನಮ್ಮ ಮಕ್ಕಳೆಲ್ಲ ಹೋಗುವಂತೆ, ಅವಳು ಕಾಲೇಜಿಗೆಂದು ಇಂಡಿಯಾಕ್ಕೆ ಹೋದಳು. ಹೋಗುವ ಮೊದಲು ತಾನು ಆಡುತ್ತಿದ್ದ ಒಂದು ಆನ್‌ಲೈನ್ ಆಟವನ್ನು ತಾಯಿಗೆ ಕಲಿಸಿದಳು. ಫೋನಿನಲ್ಲಾದರೆ ತಾಯಿ ಕನ್ನಡದಲ್ಲಿ ಹತ್ತು ಮಾತು ಕೇಳುತ್ತಿದ್ದಳು, ಮಗಳು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಇಟ್ಟುಬಿಡುತ್ತಿದ್ದಳು. ಆಟದೊಳಗಾದರೆ ಇಬ್ಬರೂ ಒಂದೇ ಕಾಡಿನಲ್ಲಿ ಸೊಪ್ಪು ಕೊಯ್ಯುತ್ತ, ಮೀನು ಹಿಡಿಯುತ್ತ, ಏನೂ ಮಾತಾಡದೆ ಬಹಳ ಹೊತ್ತು ಜೊತೆಗಿರುತ್ತಿದ್ದರು. ಇದೆಂಥ ಆಟ ಎಂದು ನಾನು ಕೇಳಿದಾಗ ಆಕೆ ಹೇಳಿದ್ದು ನೆನಪಿದೆ. “ದೊಡ್ಡಾಟ ಇದ್ದಂಗ ನೋಡ್ರಿ. ಎಲ್ಲಾರೂ ಒಂದೊಂದ್ ಪಾತ್ರ ಕಟ್ಕೊಂಡ್ ಬರ್ತಾರ. ಮಾರಿಗೆ ಬಣ್ಣ ಹಚ್ಚೂದಿಲ್ಲ, ಅಷ್ಟ.”

ಕತ್ತಿ ಹಿಡಿಯುವವರು ಮುಂದೆ ಹೋಗುತ್ತಾರೆ. ಅವರಿಗೆ ಪೆಟ್ಟು ಬಿದ್ದಾಗ ಹಿಂದೆ ನಿಂತು ಮಾಯಿಸುವ ಪಾತ್ರವೊಂದು ಬೇಕು. ಅದಕ್ಕೆ ಹೀಲರ್ ಎನ್ನುತ್ತಾರೆ. ಆಕೆ ಹೀಲರ್ ಆದಳು. ಆ ಪಾತ್ರಕ್ಕೆ ತನ್ನ ತವರಿನಲ್ಲಿ ತಾಯಿಯೊಬ್ಬಳೇ ಕರೆಯುತ್ತಿದ್ದ ಹೆಸರನ್ನು ಇಟ್ಟುಕೊಂಡಳು. ನಾನೂ ಆ ಹೆಸರಿನಿಂದ ಎಂದೂ ಕರೆದವನಲ್ಲ.

ಮಗಳಿಗೆ ಮದುವೆಯಾಯಿತು, ಅವಳು ಆಟ ಬಿಟ್ಟಳು. ತಾಯಿ ಬಿಡಲಿಲ್ಲ. ಅಷ್ಟು ಹೊತ್ತಿಗೆ ಆಕೆಗೆ ಅದರಲ್ಲಿ ಒಂದು ಗುಂಪು ಕೂಡಿತ್ತು. ಒಬ್ಬಳು ಫಿಲಿಪೀನ್ಸಿನ ನರ್ಸ್, ಇನ್ನೊಬ್ಬ ಕುವೈತ್ ನಗರದ ಶರ್ಕ್‌ನ ಯಾವುದೋ ಕಚೇರಿಯಲ್ಲಿ ಲೆಕ್ಕ ಬರೆಯುವ ಈಜಿಪ್ಟಿನವ, ಇಲ್ಲಿಯವರ ಬಾಯಲ್ಲಿ ಮಿಸ್ರಿ. ಇವರ ಮುಖವನ್ನು ಆಕೆ ಎಂದೂ ನೋಡಲಿಲ್ಲ. ಮೂರನೆಯವನು ಮಾತ್ರ ಗೊತ್ತಿದ್ದವನು. ಫಹಾಹೀಲಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ, ಪುತ್ತೂರಿನ ಕಡೆಯ ಬ್ಯಾರಿ. ನಮ್ಮ ಯಂತ್ರವನ್ನು ಜೋಡಿಸಿ ಕೊಟ್ಟವನೂ ಅವನೇ. ಆಕೆಯನ್ನು ಅಕ್ಕ ಎನ್ನುತ್ತಿದ್ದ.

ಸಂಜೆ ಚಹಾ ಆದ ಮೇಲೆ ದೀಪ ಹಚ್ಚುವವರೆಗೆ ಆಟ. ಅಷ್ಟು ಹೊತ್ತನ್ನು ನಾನೇ ಗೊತ್ತು ಮಾಡಿಕೊಟ್ಟಿದ್ದೆ. ಆಕೆ ಅದನ್ನು ಮೀರಲಿಲ್ಲ. ದೀಪದ ಹೊತ್ತಿಗೆ ಎಲ್ಲರಿಗೂ ‘ಐ ವಿಲ್ ಕಮ್’ ಎಂದು ಬರೆದು ಏಳುತ್ತಿದ್ದಳು. ನಮ್ಮಲ್ಲಿ ಯಾರೂ ‘ಹೋಗ್ತೇನಿ’ ಅನ್ನುವುದಿಲ್ಲವಲ್ಲ. ಮನೆಯಿಂದ ಹೊರಬೀಳುವಾಗಲೂ ‘ಬರ್ತೇನಿ’ ಎಂದೇ ಹೇಳುವುದು. ಆಕೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿದ್ದಳು. ಮೊದಲ ಸಲ ಹಾಗೆ ಬರೆದು ಎದ್ದಾಗ, ಆಕೆ ಈಗ ಬಂದಾಳೆಂದು ಆ ನರ್ಸ್ ಮತ್ತು ಈಜಿಪ್ಟಿನವ ಯಾವುದೋ ಕೋಟೆಯ ಬಾಗಿಲಲ್ಲಿ ಇಡೀ ಸಂಜೆ ಕಾಯುತ್ತ ನಿಂತಿದ್ದರಂತೆ. ಮರುದಿನ ಅಂಗಡಿಯವನು ಅವರಿಗೆ ನಮ್ಮ ಪದ್ಧತಿ ಬಿಡಿಸಿ ಹೇಳಿದ. ಅಂದಿನಿಂದ ಇಡೀ ಗುಂಪೇ ಏಳುವಾಗ ‘ಐ ವಿಲ್ ಕಮ್’ ಎನ್ನತೊಡಗಿತು. “ನೋಡ್ರಿ, ಮಿಸರದವಗೂ ಕನ್ನಡ ಕಲಿಸೇನಿ” ಎಂದು ರೊಟ್ಟಿ ಬಡಿಯುತ್ತ ಹೇಳಿ ಆಕೆ ನಕ್ಕಿದ್ದಳು.

ರೋಗ ಗೊತ್ತಾದದ್ದು ತಡವಾಗಿ. ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡೇ ಹೇಳಿದರು. ಹೇಳಿದ್ದು ಇಂಗ್ಲಿಷಿನಲ್ಲಿ, ಬೇಗ ಬೇಗ, ದೊಡ್ಡ ದೊಡ್ಡ ಶಬ್ದಗಳಲ್ಲಿ. ನನಗೆ ತಿಳಿಯಿತು. ಆಕೆ ಪಕ್ಕದಲ್ಲಿ ಕುಳಿತು ತಲೆಯಾಡಿಸಿದಳು. ಮನೆಗೆ ಬರುವಾಗ ದಾರಿಯಲ್ಲಿ, ಬಕಾಲದ ಕಿರಾಣಿ ಅಂಗಡಿಯಲ್ಲಿ ನಿಲ್ಲಿಸಿ ಮೊಸರು ತಗೊಂಡು ಹೋಗೋಣ ಎಂದಳು, ಅಷ್ಟೇ. ಎಷ್ಟು ತಿಳಿಯಿತು ಎಂದು ನಾನು ಕೇಳಲಿಲ್ಲ. ತಿಳಿದಿದ್ದರೆ ಕೇಳುವುದು ಕ್ರೂರ, ತಿಳಿಯದಿದ್ದರೆ ಇನ್ನೂ ಕ್ರೂರ. ಹಾಗೆಯೇ ದಿನ ಹೋದವು. ಆಕೆಯೂ ಏನೂ ಕೇಳಲಿಲ್ಲ.

ಆಸ್ಪತ್ರೆಗೆ ಸೇರಿಸುವ ದಿನ ಮಧ್ಯಾಹ್ನ ನಾನು ಚೀಲ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಆಕೆ ಕಂಪ್ಯೂಟರಿನ ಮುಂದೆ ಇದ್ದಳು.

“ಲಗೂ ಏಳು, ಹೊತ್ತಾತು” ಎಂದೆ.

“ಒಂದ್ ಮಾತ್ ಹೇಳಿ ಬರ್ತೇನ್ರಿ. ಕೇಳಾಕತ್ತಾರ ಪಾಪ.”

ನಾನು ಹಿಂದೆ ನಿಂತು ನೋಡಿದೆ. ಒಂದು ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಆಕೆ ‘ಐ ವಿಲ್ ಕಮ್’ ಎಂದು ಬರೆದಳು. ಆಮೇಲೆ ಎಲ್ಲವನ್ನೂ ಕ್ರಮವಾಗಿ ಮುಚ್ಚಿ, ಪರದೆಯ ಮೇಲೆ ಬಟ್ಟೆ ಹೊದಿಸಿ ಎದ್ದಳು. ಆ ಮನೆಗೆ ಮತ್ತೆ ಬರಲಿಲ್ಲ.

ಅಂಗಡಿಯಲ್ಲಿ ಯಂತ್ರವನ್ನು ಮೇಜಿನ ಮೇಲಿಟ್ಟಾಗ ಅವನು ಅದನ್ನು ಮುಟ್ಟದೆ ಸ್ವಲ್ಪ ಹೊತ್ತು ನೋಡಿದ. ನಲವತ್ತರ ಆಸುಪಾಸಿನ ದಪ್ಪ ಮನುಷ್ಯ. ಶವಾಗಾರದ ಹೊರಗೆ ಬಿಸಿಲಲ್ಲಿ ನಿಂತವರಲ್ಲಿ ತಾನೂ ಇದ್ದೆನೆಂದು ಹೇಳಿದ. ಅಂದು ನಾನು ಯಾರ ಮುಖವನ್ನೂ ಗುರುತಿಸುವ ಸ್ಥಿತಿಯಲ್ಲಿರಲಿಲ್ಲ.

“ಇದನ್ನು ಮಾರ್ಲಿಕ್ಕಾ ಭಾವ?”

ಅಕ್ಕನ ಗಂಡ ಎಂದ ಮೇಲೆ ಭಾವನೇ ಸರಿ. ಆದರೂ ಕುವೈತಿನಲ್ಲಿ ನನ್ನನ್ನು ಹಾಗೆ ಕರೆದವರು ಯಾರೂ ಇರಲಿಲ್ಲ.

“ಹೌದು. ಒಳಗಿಂದೆಲ್ಲಾ ಅಳಿಸಿ ಮಾರಿಬಿಡು.”

“ಅಳಿಸ್ತೇನೆ. ಅದಕ್ಕಿಂತ ಮುಂಚೆ ಒಂದು ಮಾತು ಕೇಳಿ. ಚಾಯ ಕುಡೀತೀರಲ್ಲ?” ಎಂದು ಪಕ್ಕದ ಅಂಗಡಿಗೆ ಕೈ ಮಾಡಿ ಎರಡು ಚಹಾ ಹೇಳಿದ.

ಹಳೆಯ ಆಟ ಇನ್ನೇನು ಬಂದ್ ಆಗುವುದಿತ್ತಂತೆ. ಅದೇ ಕಂಪನಿ ಹೊಸದೊಂದು ಆಟ ತರುತ್ತಿದೆ, ಮುಂದಿನ ವಾರ ತೆರೆಯುತ್ತದೆ, ಗುಂಪಿನವರೆಲ್ಲ ಅದಕ್ಕೆ ಹೋಗುತ್ತಾರೆ ಎಂದ. ಆಮೇಲೆ ತಲೆ ತಗ್ಗಿಸಿ, “ಅಕ್ಕ ಹೋದದ್ದು ಅವರಿಗೆ ಗೊತ್ತಿಲ್ಲ ಭಾವ. ನನ್ನ ಬಾಯಲ್ಲಿ ಬರ್ಲಿಲ್ಲ. ಊರಿಗೆ ಹೋಗಿದ್ದಾರೆ ಅಂತ ಹೇಳಿದ್ದೇನೆ. ಸುಳ್ಳಲ್ಲ ಅಲ್ವಾ, ಊರಿಗೇ ಹೋದದ್ದು” ಎಂದ.

ನಾನು ಚಹಾ ಕುಡಿದೆ.

“ನೀವೊಮ್ಮೆ ಬನ್ನಿ. ಹೊಸ ಆಟಕ್ಕೆ. ಎಂತ ಕಷ್ಟ ಇಲ್ಲ, ನಾನು ಕಲಿಸ್ತೇನೆ. ಅವರು ಕಾಯ್ತಾ ಇದ್ದಾರೆ. ಅಕ್ಕ ಬರ್ತೇನೆ ಅಂತ ಮಾತು ಕೊಟ್ಟಿದ್ದಾರಲ್ಲ.”

“ಮಾತ್ ಕೊಟ್ಟಿಲ್ಲ ತಮ್ಮಾ. ಅದು ಆಕಿ ದಿನಾ ಹೇಳೂದು. ಹೋಗೂ ಮುಂದ ಹೇಳೂದು. ನಿನಗ ಗೊತ್ತಿಲ್ಲೇನ? ನೀನ ಅವರಿಗೆ ಕಲಿಸಿಕೊಟ್ಟಾವ.”

“ಗೊತ್ತುಂಟು. ಆದ್ರೆ ಆ ದಿನ ನಾವು ಕೇಳಿದ್ದೇ ಅದು. ಹೊಸ ಆಟಕ್ಕೆ ಯಾರ್ಯಾರು ಬರ್ತೀರಿ ಅಂತ ಒಬ್ಬೊಬ್ಬರನ್ನಾಗಿ ಕೇಳಿದ್ವು. ಅಕ್ಕ ಬರ್ತೇನೆ ಅಂದ್ರು.”

“ಕೇಳಿದ್ದಕ್ಕ ಹೇಳಿದ್ಳೋ, ಎದ್ದು ಹೋಗೂ ಮುಂದ ಹೇಳಿದ್ಳೋ, ನೀ ಹೆಂಗ ಹೇಳ್ತಿ?”

“ನೀವು ಹೇಗೆ ಹೇಳ್ತೀರಿ?”

ಇಷ್ಟು ದಿನ ನಾನು ಇದನ್ನು ಒಂದೇ ರೀತಿಯಲ್ಲಿ ಇಟ್ಟುಕೊಂಡು ಬಂದಿದ್ದೆ. ಆಕೆ ಅಂದು ಹೇಳಿದ್ದು ವಿದಾಯ. ಆಕೆಗೆ ಡಾಕ್ಟರ ಮಾತೆಲ್ಲ ತಿಳಿದಿತ್ತು. ತಿಳಿದೇ ಸುಮ್ಮನಿದ್ದಳು, ನಾನೂ ತಿಳಿದು ಸುಮ್ಮನಿದ್ದೆ. ಅಂದರೆ ಆ ದಿನಗಳಲ್ಲಿ ನಾವಿಬ್ಬರೂ ಒಂದೇ ಭಾರವನ್ನು ಎರಡು ಕಡೆಯಿಂದ ಹಿಡಿದಿದ್ದೆವು. ಈ ಒಂದು ವಿಷಯದಿಂದ ನಾನು ಬೆಳಿಗ್ಗೆ ಎದ್ದು, ಚಾದರದ ಮೂಲೆ ಮಡಚಿ, ಕೆಲಸಕ್ಕೆ ಹೋಗಲು ಸಾಧ್ಯವಾಗಿತ್ತು. ಇವನು ಹೇಳುವಂತೆ ಅದು ಒಪ್ಪಿಗೆಯ ಮಾತಾಗಿದ್ದರೆ ಆಕೆಗೆ ಏನೂ ತಿಳಿದಿರಲಿಲ್ಲ. ಆಗ ನನ್ನ ಪಕ್ಕದಲ್ಲಿ ಮೊಸರು ತಗೊಳ್ಳೋಣ ಎಂದವಳು ಮುಂದಿನ ಚಳಿಗಾಲವನ್ನು ನಂಬಿ ಕುಳಿತಿದ್ದಳು, ಮತ್ತು ನಾನು ಒಬ್ಬನೇ ಇದ್ದೆ.

“ಆಕಿ ತನ್ನ ಸೊಪ್ಪು, ಸಾಮಾನು ಎಲ್ಲಾ ನಿಮಗ ಹಂಚಿ ಕೊಟ್ಟಿದ್ಳಂತಲ್ಲ” ಎಂದೆ. ಅದನ್ನು ಆಕೆಯೇ ಹೇಳಿದ್ದಳು. ಇದೂ ನನಗೊಂದು ಆಧಾರವಾಗಿತ್ತು.

“ಎಲ್ಲರೂ ಕೊಟ್ರು ಭಾವ. ಹಳೆ ಆಟದ್ದು ಹೊಸದಕ್ಕೆ ಕೊಂಡೋಗ್ಲಿಕ್ಕೆ ಆಗುದಿಲ್ಲ. ಆ ಮಿಸ್ರಿ ಉಂಟಲ್ಲ, ಅವನ ಕುದುರೆ ನನಗೆ ಕೊಟ್ಟ. ಮುಂಚೆ ಒಂದು ಚಾಯ ಕೊಡಿಸಿದ ಜನ ಅಲ್ಲ ಅದು.”

ಯಂತ್ರವನ್ನು ಒಂದು ವಾರ ಅಳಿಸಬೇಡ ಎಂದು ಹೇಳಿ ಬಂದೆ.

ಆ ವಾರವೆಲ್ಲ ದೂಳು ಬೀಸಿತು. ಕಿಟಕಿಯ ಸಂದಿಗೆ ಒದ್ದೆ ಟವೆಲ್ ಇಟ್ಟು, ಊಟ ಮಾಡಿ, ಖಾಲಿಯಾದ ಮೇಜಿನ ಮುಂದೆ ಕೂರುತ್ತಿದ್ದೆ. ಈ ವಯಸ್ಸಿನಲ್ಲಿ ಆಟ ಕಲಿಯುವುದೇ ಎಂಬುದು ನನ್ನ ಸಮಸ್ಯೆಯಾಗಿರಲಿಲ್ಲ. ಕಲಿಯುವುದು ನನಗೆ ಕಷ್ಟವಲ್ಲ, ಒಂದು ಕ್ರಮ ಹಿಡಿದರೆ ಏನು ಬೇಕಾದರೂ ಬರುತ್ತದೆ. ಹೋದರೆ ಏನು ಹೇಳಿದಂತಾಗುತ್ತದೆ ಎಂಬುದೇ ಚಿಂತೆ. ಆಕೆ ಮಾತು ಕೊಟ್ಟಿದ್ದಳು, ಆಕೆಯ ಬದಲು ನಾನು ಬಂದೆ ಎಂದು ಒಪ್ಪಿದಂತೆ. ಹೋಗದಿದ್ದರೆ, ನನಗೆ ಬೇಕಾದ ಅರ್ಥವನ್ನು ಉಳಿಸಿಕೊಂಡು, ಗೊತ್ತಿಲ್ಲದ ಇಬ್ಬರನ್ನು ಕಾಯಲು ಬಿಟ್ಟಂತೆ.

ಮಗಳಿಗೆ ಫೋನ್ ಮಾಡಿ ಕೇಳಿದೆ. ನಾನು ಕನ್ನಡದಲ್ಲಿ ಕೇಳಿದೆ, ಅವಳು ಇಂಗ್ಲಿಷಿನಲ್ಲಿ, ಅಪ್ಪಾ, ನಿಮಗೆ ಮನಸ್ಸಿದ್ದರೆ ಆಡಿ, ಒಳ್ಳೆಯದೇ, ಹೊತ್ತು ಹೋಗುತ್ತದೆ ಎಂದಳು. ನಾನು ಕೇಳಿದ್ದು ಅದಲ್ಲ. ಅಮ್ಮನಿಗೆ ಗೊತ್ತಿತ್ತೇ ಎಂದು ಕೇಳಬೇಕಿತ್ತು. ಅವಳ ಸ್ವರದಲ್ಲಿ ಅಳು ಬರುವುದು ಗೊತ್ತಾಗಿ, ಅವಳ ಮಗುವಿನ ಕೆಮ್ಮು ಹೇಗಿದೆ ಎಂದು ಕೇಳಿ ಇಟ್ಟೆ.

ಶುಕ್ರವಾರ ನಮಾಜು ಮುಗಿದು ಅಂಗಡಿಗಳು ತೆರೆಯುವ ಹೊತ್ತಿಗೆ ನಾನು ಫಹಾಹೀಲಿನಲ್ಲಿದ್ದೆ. ಒಮ್ಮೆ ಹೋಗಿ ನೋಡುವುದು ಎಂದು ನಿಶ್ಚಯಿಸಿದ್ದೆ. ಬೇರೆ ಯಾವ ಕಾರಣಕ್ಕೂ ಅಲ್ಲ, ಆ ಇಬ್ಬರನ್ನು ಕೇಳಬೇಕಿತ್ತು. ಕನ್ನಡ ಬರದವರು, ಆಕೆಯಿಂದಲೇ ಆ ಮಾತು ಕಲಿತವರು, ಅಂದು ಅದನ್ನು ಏನೆಂದು ತಿಳಿದರು?

ಅಂಗಡಿಯವನು ಆಕೆಯ ಯಂತ್ರವನ್ನೇ ಜೋಡಿಸಿ ಇಟ್ಟಿದ್ದ. ಹೊಸ ಆಟವನ್ನೂ ಹಾಕಿದ್ದ. ನನಗೆ ಕುರ್ಚಿ ಕೊಟ್ಟು, “ಮೊದಲು ವೇಷ ಆರಿಸಿ” ಎಂದ.

“ಹೀಲರ್.”

“ಅದೇ ಬೇಕಿತ್ತು ಭಾವ. ಈಗ ಆ ನರ್ಸಮ್ಮ ಮಾಡ್ತಾ ಇದ್ದಾಳೆ. ಆಸ್ಪತ್ರೆಯಲ್ಲಿ ಹೇಗೋ ಗೊತ್ತಿಲ್ಲ, ಇಲ್ಲಿ ಅವಳ ಕೈಯಲ್ಲಿ ಸಿಕ್ಕಿದವ ಖಲಾಸ್. ನಾನೇ ಎಷ್ಟು ಸಲ ಸತ್ತಿದ್ದೇನೆ.” ಹೇಳಿದ ಮೇಲೆ ಅವನಿಗೇ ಕೇಳಿಸಿತೇನೋ, ಕೀಬೋರ್ಡನ್ನು ನನ್ನ ಕಡೆ ಸರಿಸಿದ. “ಈಗ ಹೆಸರು ಹಾಕಿ.”

ಆಕೆಯ ತವರಿನ ಹೆಸರನ್ನು ಬರೆದೆ. ಆ ಅಕ್ಷರಗಳನ್ನು ನನ್ನ ಕೈಯಿಂದ ಬರೆದದ್ದು ಅದೇ ಮೊದಲು. ಈ ಹೆಸರು ಈಗಾಗಲೇ ಬೇರೆಯವರದ್ದಾಗಿದೆ ಎಂದು ಪರದೆಯ ಮೇಲೆ ಕೆಂಪಕ್ಷರ ಬಂತು.

“ನೀವು ಇಟ್ಟೀರೇನ, ಆಕಿ ನೆನಪಿಗೆ?”

“ಇಲ್ಲ ಭಾವ. ನಾವು ಇಟ್ಟದ್ದಲ್ಲ.” ಅವನು ಬಾಗಿ ನೋಡಿದ. ಆ ಹೆಸರು ಇನ್ನೊಬ್ಬರಿಗೆ ಹೊಳೆಯುವಂಥದ್ದಲ್ಲ. ಅವನು ನನ್ನ ಕೈಯಿಂದ ಮೌಸ್ ತಗೊಂಡು, ಆಕೆಯ ಹಳೆಯ ಖಾತೆ ಆ ಯಂತ್ರದಲ್ಲಿ ಇನ್ನೂ ತೆರೆದುಕೊಳ್ಳುತ್ತದೆಯೇ ಎಂದು ನೋಡಿದ. ಹೊಸ ಆಟಕ್ಕೂ ಅದೇ ಖಾತೆಯಂತೆ, ತೆರೆದುಕೊಂಡಿತು.

ಪರದೆಯ ಮೇಲೆ ಒಬ್ಬಳು ನಿಂತಿದ್ದಳು. ಹೀಲರ್ ಅಲ್ಲ. ಬೆನ್ನಿಗೆ ಬಿಲ್ಲು, ಮೊಣಕಾಲವರೆಗೆ ಬೂಟು, ಗಾಳಿಗೆ ಹಾರುವ ಕೂದಲು. ಪಕ್ಕದಲ್ಲಿ ಕಂದು ಬಣ್ಣದ ಕುದುರೆ. ಮೇಲೆ ಆ ಹೆಸರು. ಕೆಳಗೆ, ಇದನ್ನು ಕಟ್ಟಿದ ತಾರೀಕು.

ಆಟ ತೆರೆಯುವುದಕ್ಕೆ ಬಹಳ ಮುಂಚೆಯೇ ಹೆಸರು ಕಾದಿರಿಸಿ ವೇಷ ಕಟ್ಟಿಕೊಳ್ಳಲು ಬಿಟ್ಟಿದ್ದರೆಂದು ಅವನು ವಿವರಿಸಿದ. ಆ ತಾರೀಕು ನನಗೆ ವಿವರಿಸಬೇಕಾಗಿರಲಿಲ್ಲ. ಆಸ್ಪತ್ರೆಗೆ ಹೋದ ದಿನ. ಬೆಳಿಗ್ಗೆ ನಾನು ಆಕೆಯ ಸೀರೆ, ಸ್ವೆಟರ್, ಔಷಧಿಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಆಕೆ ಪಡಸಾಲೆಯಲ್ಲಿ ಕುಳಿತು ಇದನ್ನು ಮಾಡುತ್ತಿದ್ದಳು. ಕೂದಲಿನ ಬಣ್ಣ ಆರಿಸುತ್ತಿದ್ದಳು. ಬೂಟು ಆರಿಸುತ್ತಿದ್ದಳು. ಮೆಟ್ಟಿಲು ಹತ್ತಲು ನನ್ನ ಭುಜ ಹಿಡಿಯುತ್ತಿದ್ದವಳು ಕುದುರೆ ಆರಿಸುತ್ತಿದ್ದಳು. ಇಷ್ಟು ವರ್ಷ ಹಿಂದೆ ನಿಂತು ಎಲ್ಲರ ಗಾಯ ಮಾಯಿಸಿದ್ದು ಸಾಕು, ಈ ಸಲ ಎಲ್ಲರಿಗಿಂತ ಮುಂದೆ ಓಡೋಣ ಎಂದು ಎಣಿಸಿದ್ದಳೋ ಏನೋ.

ಬರುವವಳಿದ್ದಳು. ಅದು ವಿದಾಯವಾಗಿರಲಿಲ್ಲ.

ಅಂಗಡಿಯವನು ಮುಖ ಒರೆಸಿಕೊಂಡ. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನು ನೋಡುತ್ತ ಕುಳಿತೆ. ಎಷ್ಟು ಹೊತ್ತು ಎಂದು ಹೇಳಲಾರೆ. ಹೊತ್ತು ಹೇಳಲಾರೆ ಎಂದು ನಾನು ಬರೆಯುವುದು ಅಪರೂಪ.

“ಒಳಗೆ ಹೋಗುವನಾ ಭಾವ?” ಎಂದು ಅವನು ಮೆಲ್ಲಗೆ ಕೇಳಿದ. “ಅಕ್ಕನ ವೇಷದಲ್ಲೇ ಹೋಗ್ಬಹುದು. ನೀವು ನಡೆಸಿದ್ರೆ ಅದು ನಡೀತದೆ.”

ಬೇಡ ಎನ್ನಬೇಕಿತ್ತು. ಆ ಕುದುರೆ ಹೇಗೆ ನಡೆಯುತ್ತದೆ ಎಂದು ನೋಡುವ ಆಸೆಯಾಯಿತು. ಹೂಂ ಎಂದೆ. ಅವನು ಒತ್ತಿದ. ಒಂದು ಹಳ್ಳಿಯ ಬಾವಿ ಕಟ್ಟೆಯ ಪಕ್ಕದಲ್ಲಿ ಆಕೆ ನಿಂತಳು, ಹಿಂದೆ ಹುಲ್ಲು, ಬೆಳಗಿನ ಬಿಸಿಲು. ನಾನು ಒಂದು ಗುಂಡಿ ಒತ್ತಿದೆ. ಎರಡು ಹೆಜ್ಜೆ ಇಟ್ಟಳು. ತಕ್ಷಣ ಕೈ ತೆಗೆದೆ. ಆ ಹೆಜ್ಜೆ ಆಕೆ ತಾನು ಇಡಲೆಂದು ಇಟ್ಟುಕೊಂಡದ್ದು, ನಾನು ಅದನ್ನು ತಗೊಂಡುಬಿಟ್ಟೆ ಅನ್ನಿಸಿತು.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಅಕ್ಷರಗಳು ಓಡತೊಡಗಿದವು. ಗುಂಪಿನವರು ತಮ್ಮ ಪಟ್ಟಿಯಲ್ಲಿ ಆಕೆಯ ಹೆಸರನ್ನೂ ಸೇರಿಸಿಟ್ಟಿದ್ದರು, ಅದು ಬೆಳಗಿದ್ದು ಅವರಿಗೆ ಕಂಡಿತ್ತು. ಈಜಿಪ್ಟಿನವ ಅರಬ್ಬಿಯಲ್ಲಿ ದೇವರಿಗೆ ಸ್ತೋತ್ರ ಎಂದು ಬರೆದ. ನರ್ಸ್, ‘ಅಕ್ಕಾ, ನೀನು ಬಂದೆ’ ಎಂದು ಬರೆದಳು. ಅಕ್ಕಾ ಎಂಬುದೊಂದನ್ನು ಬಿಟ್ಟರೆ ಉಳಿದದ್ದು ಇಂಗ್ಲಿಷ್. ಎಲ್ಲಿದ್ದೀ, ಅಲ್ಲೇ ನಿಲ್ಲು, ನಾನೇ ಬರುತ್ತೇನೆ ಎಂದು ಮತ್ತೆ ಬರೆದಳು. ನೋಡನೋಡುತ್ತಿದ್ದಂತೆ ಹುಲ್ಲಿನ ನಡುವಿನಿಂದ ಬಿಳಿ ನಿಲುವಂಗಿಯ ಒಬ್ಬಳು ಓಡಿ ಬಂದು ಆ ಬಾವಿಯ ಹತ್ತಿರ ಕೈ ಬೀಸುತ್ತ ನಿಂತಳು.

“ನಾನು ಬರೀತೇನೆ ಭಾವ” ಎಂದ ಅಂಗಡಿಯವನು.

“ಬ್ಯಾಡ. ಅದು ನನ್ನ ಕೆಲಸ.”

ಆಕೆಯ ಇಕಾಮಾ, ಈ ದೇಶದಲ್ಲಿರುವ ಪರವಾನಗಿ, ರದ್ದು ಮಾಡಿಸಿದವನು ನಾನು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ದೂತಾವಾಸದಲ್ಲಿ ನಿಂತು ಒಂದೊಂದೇ ಕಡೆಯಿಂದ ಆಕೆಯ ಹೆಸರನ್ನು ತೆಗೆಸಿದವನೂ ನಾನೇ. ಆ ಇಬ್ಬರನ್ನು ಕೇಳಬೇಕೆಂದಿದ್ದ ಪ್ರಶ್ನೆ ಈಗ ಉಳಿದಿರಲಿಲ್ಲ. ಹೇಳುವುದಷ್ಟೇ ಉಳಿದಿತ್ತು. ನಾನು ಇಂಗ್ಲಿಷಿನಲ್ಲಿ ಬರೆದೆ: ನಾನು ಆಕೆಯ ಗಂಡ. ಆಕೆ ಬರುವುದಿಲ್ಲ.

ಬಿಳಿ ನಿಲುವಂಗಿಯವಳು ಕೈ ಇಳಿಸಿದಳು. ಮೂಲೆಯಲ್ಲಿ ಅಕ್ಷರ ಮೂಡಿತು.

‘ಇವತ್ತು ಬರುವುದಿಲ್ಲವೇ, ಸರ್?’

ಅವಳ ತಪ್ಪಿಲ್ಲ. ಹೋಗುವಾಗಲೂ ಬರುತ್ತೇನೆ ಎನ್ನುವವರ ಜೊತೆ ಇಷ್ಟು ವರ್ಷ ಇದ್ದವಳು ಇನ್ನು ಹೇಗೆ ತಿಳಿಯಬೇಕು. ಇನ್ನೊಂದು ವಾಕ್ಯವನ್ನು ಬರೆಯಬೇಕಾಯಿತು. ಆಕೆ ತೀರಿಕೊಂಡಳೆಂದು ಒಂದೊಂದೇ ಅಕ್ಷರ ಹುಡುಕಿ ಬರೆದೆ, ಎರಡನೆಯ ಅರ್ಥಕ್ಕೆ ಏನೂ ಉಳಿಯದಂತೆ.